ಹಠವೇ ಮಾಡದ ಮಗು

ನಾನು ನಿಂತಿದ್ದದ್ದು ಇನ್ನಂಜೆಯ ನಮ್ಮ ಮನೆಯಲ್ಲಿ, ಊಟದ ಕೋಣೆಗೂ ಚಾವಡಿಗೂ ನಡುವಿನ ಬಾಗಿಲಲ್ಲಿ, ಪಾಯಸದ ಪಾತ್ರೆ ಹಿಡಿದುಕೊಂಡು. ಮಾತೆ ಮರಿಯಮ್ಮನ ಜನ್ಮದಿನವಾದ ಮೊಂತಿ ಹಬ್ಬದ ಮಧ್ಯಾಹ್ನ. ಚರ್ಚಿನಿಂದ ಬಂದು, ಬಾಳೆಲೆ ಹಾಕಿ, ಪ್ರಾರ್ಥನೆ ಮುಗಿಸಿದ್ದೆವು. ಊಟಕ್ಕೆ ಇನ್ನೂ ಯಾರೂ ಕೈ ಹಾಕಿರಲಿಲ್ಲ. ಆ ಬಾಗಿಲಿನಿಂದ ಎರಡೂ ಕಡೆ ಕಾಣುತ್ತದೆ. ಹಾಗಾಗಿ ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವನು ನಾನೊಬ್ಬನೇ. ಉಳಿದವರು ಅರ್ಧರ್ಧ ನೋಡಿದರು.

ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಆ ದಿನ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಅರೆದು, ತೆಂಗಿನ ಹಾಲಿನಲ್ಲಿ ಬೆರೆಸಿ ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ದೂರದಲ್ಲಿರುವವರ ಪಾಲನ್ನು ಬಿಡುವಂತಿಲ್ಲ. ಅವರ ಕಾಳನ್ನು ಸಣ್ಣ ಲಕೋಟೆಗೆ ಹಾಕಿ, ಮೇಲೆ ಹೆಸರು ಬರೆದು, ಅಂಚೆಯಲ್ಲೋ ಹೋಗುವವರ ಕೈಯಲ್ಲೋ ಕಳಿಸುತ್ತಾರೆ. ಮಾಂಯ್, ಅಂದರೆ ನನ್ನ ತಾಯಿ, ಆ ಲಕೋಟೆಗಳನ್ನು ಮೇಜಿನ ತುದಿಯಲ್ಲಿ ಸಾಲಾಗಿ ಇಟ್ಟಿದ್ದರು. ಒಂದು ಕುವೈತ್‌ನಲ್ಲಿರುವ ನನ್ನ ಅಣ್ಣ ರೋಶನ್‌ನದು, ಒಂದು ಮುಂಬಯಿಯ ತಂಗಿಯದು. ಮೂರನೆಯದು ಹಳೆಯದು, ಅಂಚು ಹಳದಿಯಾಗಿತ್ತು. ಅದರ ಮೇಲೆ ‘ರೇಣುಕಾ’ ಎಂದು ಬರೆದಿತ್ತು.

ಹಿಂದಿನ ವರ್ಷದ ಹಬ್ಬಕ್ಕೆ ರೇಣುಕಾ ನಮ್ಮಲ್ಲಿಗೆ ಬಂದಿರಲಿಲ್ಲ. ನಾವು ದತ್ತು ಪಡೆಯಲಿದ್ದ ಮಗುವಿನ ಫೋಟೊ ಬಂದಿತ್ತು, ಹೆಸರು ಗೊತ್ತಿತ್ತು, ಅಷ್ಟೆ. ಬಾರದ ಮೊಮ್ಮಗಳ ಪಾಲನ್ನು ಮಾಂಯ್ ಅಂದೇ ತೆಗೆದಿಟ್ಟಿದ್ದರು. ಅವಳು ಮನೆಗೆ ಬಂದ ಮೇಲಿನ ಮೊದಲ ಹಬ್ಬದ ದಿನ ಅದನ್ನು ತೋರಿಸಿ, ನೀನು ಬರುವ ಮೊದಲೇ ನಿನ್ನ ಪಾಲು ಈ ಮನೆಯಲ್ಲಿತ್ತು ಎಂದು ಹೇಳಬೇಕೆಂದು ಕಾದಿದ್ದರು.

ಹೇಳುವ ಮೊದಲೇ, ಊಟಕ್ಕೆ ಬಂದಿದ್ದ ನೆರೆಮನೆಯ ಜಾನಕಿ ಅಕ್ಕ ಕೇಳಿದರು, “ಇದೆಲ್ಲ ಎಂತ ಮಾಂಯ್, ಲಕೋಟೆ?”

“ಹೊರಗಿನವರಿಗೆ. ನಾಳೆ ಕಳಿಸ್ಲಿಕ್ಕೆ ಉಂಟು,” ಎಂದರು ಮಾಂಯ್, ಪಲ್ಯ ಬಡಿಸುತ್ತ.

ರೇಣುಕಾ ಲಕೋಟೆಗಳ ಕಡೆ ನೋಡಿದಳು. ಆಗಷ್ಟೇ ಒಂದನೆಯ ತರಗತಿ. ತನ್ನ ಹೆಸರು ಓದಲು ಬರುತ್ತಿತ್ತು. ಅವಳು ಎದ್ದು ಒಳಗೆ ಹೋದಳು. ಬಾತ್‌ರೂಮಿಗೆ ಎಂದುಕೊಂಡೆವು. ಹೊರಗೆ ಬಂದಾಗ ಬೆನ್ನ ಮೇಲೆ ಶಾಲೆಯ ಚೀಲವಿತ್ತು, ಅದರ ಬಾಯಿಂದ ಒಂದು ಫ್ರಾಕಿನ ತುದಿ ಹೊರಗೆ ಬಂದಿತ್ತು. ಚಾವಡಿ ದಾಟಿ, ಚಪ್ಪಲಿ ಹಾಕಿಕೊಂಡು, ಎರಡೂ ಬಕಲು ಸರಿಯಾಗಿ ಸಿಕ್ಕಿಸಿ, ರಸ್ತೆಯ ಕಡೆ ಮುಖ ಮಾಡಿ ನಿಂತಳು. ಅಳಲಿಲ್ಲ. ತಿರುಗಿ ನನ್ನನ್ನು ಕೇಳಿದಳು.

“ಪಪ್ಪಾ, ಆಟೊ ಯಾವಾಗ ಬರ್ತೈತಿ?”

ಬಂದ ಕೆಲವೇ ವಾರಗಳಲ್ಲಿ ನಮ್ಮ ಹಾಗೆಯೇ ಮಾತಾಡಲು ಕಲಿತಿದ್ದವಳ ಬಾಯಲ್ಲಿ ಆಗ ಉತ್ತರ ಕರ್ನಾಟಕದ ಹುಟ್ಟೂರಿನ ಮಾತು ಬಂತು. ಅವಳು ಒಳಗಿನ ತನ್ನ ಎಲೆಯ ಕಡೆ ನೋಡಿ, “ಹೋಗೂಕಿಂತ ಮುಂಚೆ ನನ್ನ ಎಲಿ ತಗೀಲಾ?” ಎಂದಳು.

ನನ್ನ ಹೆಂಡತಿ ಲವೀನಾ ಓಡಿ ಬಂದು ಅವಳನ್ನು ಎತ್ತಿಕೊಂಡಳು. ಮಗು ತಡೆಯಲಿಲ್ಲ. ಎತ್ತಿಕೊಂಡರೆ ಹೇಗಿರಬೇಕೆಂದು ಯಾರೋ ಹೇಳಿಕೊಟ್ಟಂತೆ ಕೈಗಳನ್ನು ಅವಳ ಕುತ್ತಿಗೆಗೆ ಹಾಕಿ, ಬೀದಿಯನ್ನೇ ನೋಡುತ್ತಿದ್ದಳು. ಆಟೊ ಬರಲಿಕ್ಕಿಲ್ಲ ಎಂದು ಅವಳಿಗೆ ನಂಬಿಸಲು ಸಂಜೆಯಾಯಿತು. ನಂಬಿದಳು ಎಂದು ನಾವು ಅಂದುಕೊಂಡೆವು.

ಇದನ್ನು ಬರೆಯುತ್ತಿರುವುದು ಇಂಥ ಮಗುವಿರುವ ಇನ್ನೊಂದು ಮನೆಗಾಗಿ. ನಮಗೆ ಆಗ ಯಾರೂ ಹೇಳಿರಲಿಲ್ಲ, ಹಠ ಮಾಡುವ ಮಗುವಿಗಿಂತ ಹಠ ಮಾಡದ ಮಗುವಿಗೆ ಹೆಚ್ಚು ನೋವಿರಬಹುದು ಎಂದು.

ಒಂದು ಸಂಗತಿ ಗೊತ್ತಿತ್ತು. ಅವಳನ್ನು ನಮಗೆ ಒಪ್ಪಿಸುವಾಗ ಮಕ್ಕಳ ಮನೆಯ ಆಯಾ ಒಬ್ಬರು ಹೇಳಿದ್ದರು: ಮೊದಲು ಒಂದು ಮನೆಯವರು ಕರೆದುಕೊಂಡು ಹೋಗಿದ್ದರು, ಹೊಂದಲಿಲ್ಲವೆಂದು ಆಟೊದಲ್ಲಿ ತಂದು ಬಿಟ್ಟುಹೋದರು. ಅದಕ್ಕೂ ಹಿಂದೆ ಏನಾಗಿತ್ತೋ ಅವರಿಗೂ ಪೂರ್ತಿ ತಿಳಿದಿರಲಿಲ್ಲ. ಗೊತ್ತಾದ ಸ್ವಲ್ಪವನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ರೇಣುಕಾಳದು. ನಾವು ಆ ಮಾತು ಕೇಳಿ ತಲೆಯಾಡಿಸಿದೆವು, ಪಾಪ ಎಂದೆವು, ಕಾರು ಹತ್ತಿದೆವು.

ಬಂದವಳು ಎಂಥ ಮಗು! ಮೊದಲ ದಿನವೇ ಲವೀನಾಳನ್ನು ಮಮ್ಮಿ ಎಂದು ಕರೆದಳು. ಕೊಟ್ಟದ್ದನ್ನೆಲ್ಲ ತಿಂದಳು. ನಮ್ಮ ಮನೆಯ ಹಿಂದೆ ಸ್ವಲ್ಪ ಮಲ್ಲಿಗೆ ಇದೆ. ಬೆಳಿಗ್ಗೆ ಮೊಗ್ಗು ಕೊಯ್ದು, ಹೂ ಒಯ್ಯುವವನು ಬರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಮಾಂಯ್ ಮತ್ತು ಜಾನಕಿ ಅಕ್ಕ ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿ ಕೆಲವೇ ದಿನಗಳಲ್ಲಿ ಅವಳೂ ಕಟ್ಟತೊಡಗಿದಳು. “ಈ ಕೈ ನೋಡಿ, ಈ ಕೈ!” ಎಂದು ಜಾನಕಿ ಅಕ್ಕ ಬಂದವರಿಗೆಲ್ಲ ತೋರಿಸುತ್ತಿದ್ದರು. “ನಮ್ಮ ಮನೆಯಲ್ಲಿ ಎರಡು ಉಂಟು, ತಿಂದ ಬಟ್ಟಲು ಎತ್ತುದಿಲ್ಲ.”

ಆದರೆ ಅವಳು ಉಡುಪಿಯ ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯನ್ನೂ ಮಮ್ಮಿ ಎಂದಳು. ಕಿವಿಯೊಳಗೆ ಕೀವಾಗಿ ದಿಂಬು ಒದ್ದೆಯಾಗುವವರೆಗೂ ನೋವೆಂದು ಹೇಳಲಿಲ್ಲ. ಕಾರ್ಕಳದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅಲ್ಲಿ ಅವಳ ಕಣ್ಣು ಪರೀಕ್ಷಿಸಲು ಕೂರಿಸಿ, ಈ ಗಾಜಿನಲ್ಲಿ ಚೆಂದ ಕಾಣ್ತದಾ, ಈ ಗಾಜಿನಲ್ಲಾ ಎಂದು ಕೇಳಿದರೆ, ಅವಳು ಅಕ್ಷರಗಳ ಹಲಗೆಯನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು. ನನಗೆ ಯಾವುದು ಇಷ್ಟವೋ ಅದು ಚೆಂದ ಕಾಣುತ್ತಿತ್ತು. ಎಷ್ಟೋ ಮಕ್ಕಳ ಕಣ್ಣು ನೋಡಿದ್ದೇನೆ, ಹಾಗೆ ಉತ್ತರಿಸಿದ ಮಗುವನ್ನು ಕಂಡಿರಲಿಲ್ಲ. ಇನ್ನೊಂದು ದಿನ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಾನು ಟಿಕೆಟಿಗೆ ಚಿಲ್ಲರೆ ಹುಡುಕುತ್ತಿದ್ದಾಗ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬರು ಸುಮ್ಮನೆ ಪ್ರೀತಿಯಿಂದ ಕೈ ಚಾಚಿದರು. ಅವಳು ಆ ಕೈ ಹಿಡಿದು ಅವರ ಬಸ್ಸು ಹತ್ತಿದಳು. ಹೆಂಗಸೇ ಗಾಬರಿಯಾಗಿ ಇಳಿಸಿದರು. “ನಿಮ್ಮ ಮಗುವಾ ಇದು? ಹೀಗೆ ಬರುದಾ ಯಾರ ಒಟ್ಟಿಗೂ?” ಎಂದು ನನ್ನನ್ನು ಬೈದರು. ಅವಳು ನನ್ನನ್ನೂ ಅವರನ್ನೂ ನೋಡಿ ನಗುತ್ತಿದ್ದಳು.

ಮೊಂತಿ ಹಬ್ಬದ ಮೇಲೆ ನಾವು ಸುಮ್ಮನಿರಲಿಲ್ಲ. ಮೊದಲು ಉಡುಪಿಯ ಬನ್ನಂಜೆಯಲ್ಲಿ ಒಬ್ಬ ಮಕ್ಕಳ ಡಾಕ್ಟರರ ಬಳಿಗೆ ಹೋದೆವು. ಕಾಯುವ ಕೋಣೆಯಲ್ಲಿ ಕೆಮ್ಮು ಜ್ವರದ ಮಕ್ಕಳು ಕಿರಿಚುತ್ತಿದ್ದವು. ರೇಣುಕಾ ಒಂದೊಂದು ಮಗುವಿಗೂ ಬಿದ್ದ ಆಟಿಕೆ ಎತ್ತಿಕೊಡುತ್ತಿದ್ದಳು. ಒಳಗೆ ಡಾಕ್ಟರು ಎಲ್ಲ ಕೇಳಿ, ಅವಳ ತಲೆ ಸವರಿ, “ಎಂತದೂ ಇಲ್ಲ. ಇಷ್ಟು ಒಳ್ಳೆಯ ಮಗುವಿಗೆ ನೀವೇ ರೋಗ ಹುಡುಕುದು ಬೇಡ,” ಎಂದು ನಕ್ಕರು. ಅವರದು ಕೆಟ್ಟ ಮಾತಲ್ಲ. ಹೊರಗೆ ಬಂದು ಕಾರಿನಲ್ಲಿ ಕೂತಾಗ ಲವೀನಾ ಹೇಳಿದಳು, “ಇವಳು ಅಲ್ಲಿ ಕೂತು ಆ ಡಾಕ್ಟರರನ್ನೂ ಸಮಾಧಾನ ಮಾಡಿದಳು, ನೋಡಿದ್ರಾ?”

ರೋಶನ್ ಕುವೈತ್‌ನಿಂದ ಫೋನ್ ಮಾಡಿದ. “ಎಂತ ಮಾರಾಯ, ಹಠ ಮಾಡುವ ಮಗುವನ್ನು ಡಾಕ್ಟರರ ಹತ್ತಿರ ಕೊಂಡೋಗುದು ಕೇಳಿದ್ದೇನೆ. ನೀನು ಹಠ ಮಾಡುದಿಲ್ಲ ಅಂತ ಕೊಂಡೋಗ್ತೀಯಾ? ನನ್ನ ಎರಡನ್ನು ಕಳಿಸ್ತೇನೆ, ಇಟ್ಕೋ.”

ನಾನೂ ನಕ್ಕೆ. ಆದರೆ ಎತ್ತಿಕೊಂಡಾಗಲೂ ಬೀದಿಯನ್ನೇ ನೋಡುತ್ತಿದ್ದ ಆ ಕಣ್ಣು ನನ್ನನ್ನು ಬಿಡಲಿಲ್ಲ.

ಯಾರೋ ಹೇಳಿ, ಯಾರನ್ನೋ ಕೇಳಿ, ಕೊನೆಗೆ ಮಣಿಪಾಲದಲ್ಲಿ ಇಂಥ ಮಕ್ಕಳನ್ನು ನೋಡುವ ಒಬ್ಬರು ಸಿಕ್ಕಿದರು. ಅವರನ್ನು ಶಶಿಕಲಾ ಮೇಡಂ ಎಂದು ಕರೆಯುತ್ತೇನೆ. ಅಲ್ಲಿನ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಅಂಟಿಸಿದ ಆನೆ. ಯಾರೂ ಯಾರ ಮುಖ ನೋಡುತ್ತಿರಲಿಲ್ಲ. ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಮಾತಿಲ್ಲದ ಮಗನನ್ನು ಕರೆತಂದಿದ್ದರು. ಲವೀನಾ ಅಳು ತಡೆಯುತ್ತಿರುವುದನ್ನು ಕಂಡು, ಏನೂ ಕೇಳದೆ, ತಮ್ಮ ಡಬ್ಬಿಯಿಂದ ಒಂದು ತುಂಡು ಹಲ್ವಾ ತೆಗೆದು ಅವಳ ಕೈಯಲ್ಲಿಟ್ಟರು. “ತಿನ್ನಿ. ಇಲ್ಲಿ ಮೊದಲ ದಿನ ಎಲ್ಲರಿಗೂ ಹಾಗೆ ಆಗ್ತದೆ.” ಅವರ ಹೆಸರು ನನಗೆ ತಿಳಿಯದು. ಆ ಹಲ್ವಾವನ್ನು ಲವೀನಾ ಇಂದಿಗೂ ನೆನೆಯುತ್ತಾಳೆ.

ಬಾಗಿಲು ತೆರೆದು ಮೇಡಂ ಕರೆದರು, “ರೇಣುಕಾ, ಬಾರವ್ವಾ ಒಳಗ.”

ಅವರು ಗದಗದ ಕಡೆಯವರು. ಎಷ್ಟೋ ತಿಂಗಳಿಂದ ನಮ್ಮ ಪುಸ್ತಕದಂಥ ಕನ್ನಡವನ್ನೇ ಕೇಳುತ್ತಿದ್ದ ಮಗು ತಟ್ಟನೆ ತಲೆ ಎತ್ತಿತು. ನಗಲಿಲ್ಲ. ನಗದೆ ಬರೀ ನೋಡಿದ್ದು ಅದೇ ಮೊದಲು.

ಒಳಗೆ ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿದರು. ಆಟದ ಪಾತ್ರೆಗಳಿದ್ದವು. ರೇಣುಕಾ ತಾನಾಗಿ ಚಹಾ ಮಾಡಿದಳು. ಮೇಡಂಗೆ, ಲವೀನಾಗೆ, ನನಗೆ, ಬಾಗಿಲ ಬಳಿ ಇದ್ದ ಅಟೆಂಡರ್‌ಗೆ ಕೂಡ ಒಂದೊಂದು ಕಪ್ಪು ಕೊಟ್ಟಳು. ಕುಡಿದು ಮುಗಿಯುವುದನ್ನೇ ಕಾದಿದ್ದು ಕಪ್ಪು ತೆಗೆದು ಒರೆಸಿದಳು. ಮತ್ತೆ ಚಹಾ ಮಾಡಿದಳು. ಗಂಟೆ ಮುಗಿಯುವವರೆಗೂ ಅದೇ. ತನಗೊಂದು ಕಪ್ಪು ಇಟ್ಟುಕೊಳ್ಳಲಿಲ್ಲ.

ಅವಳನ್ನು ಅಟೆಂಡರ್ ಜೊತೆ ಚಿತ್ರ ಬರೆಯಲು ಕಳಿಸಿ ಮೇಡಂ ನಮ್ಮ ಕಡೆ ತಿರುಗಿದರು. “ನೋಡ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈಕಿ ನಿಮ್ಮ ಮನ್ಯಾಗ ಇನ್ನೂ ಮಗಳಾಗಿಲ್ಲ. ಕೆಲಸಕ್ಕ ಅದಾಳ. ತಪ್ಪು ಮಾಡಿದ್ರ ಕೆಲಸದಿಂದ ತಗೀತಾರ ಅಂತ ಅಂಜಿಕೊಂಡು ದುಡೀತಾಳ.”

ಲವೀನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ನಮ್ಮ ಹೋಟೆಲುಗಳ ಸಪ್ಲೈಯರ್‌ಗಳು. ತಟ್ಟೆ ಇಟ್ಟು, ಇನ್ನೇನು ಬೇಕು ಎಂದು ಮುಖ ನೋಡುತ್ತಾ ನಿಲ್ಲುವವರು. ನಮ್ಮ ಮಗಳು ನಮ್ಮ ಮನೆಯಲ್ಲಿ ಹಾಗೆ ನಿಂತಿದ್ದಳು. ನಾವು ಒಳ್ಳೆಯ ಗಿರಾಕಿಗಳಂತೆ ಅವಳನ್ನು ಹೊಗಳುತ್ತಿದ್ದೆವು.

ಮಣಿಪಾಲಕ್ಕೆ ವಾರಕ್ಕೊಮ್ಮೆ ಹೋಗುವುದು ಸುಲಭದ ಭಾಗ. ಕಷ್ಟವಿದ್ದದ್ದು ಮನೆಯಲ್ಲಿ. ಮೇಡಂ ಹೇಳಿದ್ದರು: ಅವಳೆದುರು ಕೊಂಕಣಿಯಲ್ಲಿ ಪಿಸುಗುಟ್ಟಬಾರದು. ಕಳಿಸುವ ಮಾತೇ ಆಡುತ್ತಿದ್ದೀರೆಂದು ತಿಳಿಯುತ್ತಾಳೆ. ಆಡುವುದಿದ್ದರೆ ಜೋರಾಗಿ ಆಡಿ, ಅವಳಿಗೂ ಕಲಿಸಿ. ಹೊರಗೆ ಹೋಗುವಾಗ ಎಲ್ಲಿಗೆಂದು ಹೇಳಿ, ಹೇಳಿದ ಹೊತ್ತಿಗಿಂತ ಮೊದಲೇ ಬನ್ನಿ. ‘ಬಿಟ್ಟು ಹೋಗ್ತೇನೆ’ ಎಂದು ತಮಾಷೆಗೂ ಹೇಳಬೇಡಿ. ಮತ್ತು, ಸ್ವಲ್ಪ ಕಾಲ ಅವಳಿಗೆ ಹೂ ಕಟ್ಟಲು ಕೊಡಬೇಡಿ.

ಕೊನೆಯದನ್ನು ಮಾಂಯ್ ಒಪ್ಪಲಿಲ್ಲ. “ಹೂ ಕಟ್ಟುದು ಸಹ ಈಗ ರೋಗವಾ? ನಾನು ಅವಳ ವಯಸ್ಸಿನಲ್ಲಿ ಕಟ್ಟಿದವಳೇ. ನನ್ನನ್ನು ಯಾವ ಮಣಿಪಾಲಕ್ಕೆ ಕೊಂಡೋಗಿದ್ದಾರೆ?”

“ನೀವು ಕಟ್ಟದಿದ್ದರೆ ನಿಮ್ಮ ಅಮ್ಮ ಎಂತ ಮಾಡ್ತಿದ್ರು ಮಾಂಯ್?” ಎಂದು ಲವೀನಾ ಕೇಳಿದಳು.

“ಎಂತ ಮಾಡುದು, ಎರಡು ಬಿಗಿಯುದು. ಮತ್ತೆ ಊಟ ಹಾಕುದು.”

“ಅದೇ. ಮತ್ತೆ ಊಟ ಹಾಕ್ತಾರೆ ಅಂತ ಇವಳಿಗೆ ಗೊತ್ತಿಲ್ಲ.”

ಲಕೋಟೆಯ ದಿನದಿಂದ ಮಾಂಯ್ ಒಳಗೊಳಗೇ ಕುಗ್ಗಿದ್ದರು. ‘ಪ್ರೀತಿಯಿಂದ ಇಟ್ಟದ್ದು’ ಎಂದು ಒಬ್ಬರೇ ಹೇಳಿಕೊಳ್ಳುವುದನ್ನು ಅಡುಗೆಮನೆಯಲ್ಲಿ ಎರಡು ಸಲ ಕೇಳಿದ್ದೇನೆ. ಮರುದಿನ ಅವರು ರೇಣುಕಾಳ ಮುಂದೆ ಮೊಗ್ಗಿನ ಬುಟ್ಟಿ ಇಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡರು, ಅಷ್ಟೆ.

ಆ ವಾರಗಳನ್ನು ನಾನು ಮರೆಯಲಾರೆ. ಕೆಲಸವಿಲ್ಲದ ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬೆರಳುಗಳು ಗಾಳಿಯಲ್ಲಿ ಕಟ್ಟುತ್ತಿದ್ದವು. ನೆಲ ಗುಡಿಸಲೇ ಎನ್ನುವಳು, ನೀರು ತರಲೇ ಎನ್ನುವಳು. ಬೇಡ ಮಗಾ, ಸುಮ್ಮನೆ ಕೂತುಕೋ ಎಂದರೆ ಮೈ ನಡುಗುತ್ತಿತ್ತು. ಒಂದು ಬೆಳಿಗ್ಗೆ ವಾಂತಿ ಮಾಡಿದಳು; ಮಾಡಿ, ಬಟ್ಟೆ ತಂದು ತಾನೇ ಒರೆಸತೊಡಗಿದಳು. ಜಾನಕಿ ಅಕ್ಕ ಕಟ್ಟುತ್ತಿದ್ದ ಹೂ ಬಿಟ್ಟು ಎದ್ದುಹೋಗಿ ಹಿತ್ತಲಲ್ಲಿ ನಿಂತರು. ಮಾಂಯ್ ಆ ಬಟ್ಟೆಯನ್ನು ಅವಳ ಕೈಯಿಂದ ತೆಗೆದು ತಾವೇ ಒರೆಸಿದರು. ಮಂಡಿ ಮಡಚಲು ಆಗದ ಹೆಂಗಸು. ನೆಲದ ಮೇಲೆ ಕೂತು, ಮತ್ತೆ ಏಳಲು ನನ್ನ ಕೈ ಬೇಕಾಯಿತು. ರೇಣುಕಾ ಅವರನ್ನು ಬಹಳ ಹೊತ್ತು ನೋಡಿದಳು.

ಅದಾದ ಮೇಲೆ, ಯಾವ ದಿನವೆಂದು ಹೇಳಲಾರೆ, ಅವಳು ಕೆಡತೊಡಗಿದಳು. ಸಕ್ಕರೆ ಡಬ್ಬಿ ಕದ್ದಳು. ಶಾಲೆಯಲ್ಲಿ ಒಬ್ಬ ಹುಡುಗನನ್ನು ಕಚ್ಚಿದಳು. ಸ್ನಾನಕ್ಕೆ ಕರೆದರೆ ಬಾಗಿಲ ಚಿಲಕ ಹಾಕಿಕೊಂಡಳು. ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೊಕ್ಕೆ ಚಪ್ಪಲಿ ಎಸೆದಳು, ಗಾಜು ಒಡೆಯಿತು. ಒಡೆದ ಕೂಡಲೇ ಮೂಲೆಗೆ ಓಡಿ ನಮ್ಮ ಮುಖ ನೋಡಿದಳು. ನಾವು ಏನು ಮಾಡುತ್ತೇವೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ ಎಂದು ಆಗ ಮೂವರಿಗೂ ಗೊತ್ತಿತ್ತು. “ಗಾಜಿಗೆ ಕಾಲು ಹಾಕ್ಬೇಡ. ನಂಗೆ ಸಿಟ್ಟು ಬಂದಿದೆ. ಊಟಕ್ಕೆ ಮೀನು ಸಾರು ಉಂಟು,” ಎಂದಳು ಲವೀನಾ. ನನ್ನ ಹೆಂಡತಿಯ ಬಾಯಿಂದ ಅದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ.

ರೋಶನ್ ಮತ್ತೆ ಫೋನ್ ಮಾಡಿದ. ಈ ಸಲ ತಮಾಷೆ ಇರಲಿಲ್ಲ. “ದುಡ್ಡು ಕೊಟ್ಟು ಮಗುವನ್ನು ಹಾಳು ಮಾಡಿಸಿದ ಹಾಗಾಯ್ತಲ್ಲ. ನೋಡು, ನೀವು ಮಾಡಿದ್ದು ಸಾಕು. ಬೇಕಾದರೆ...”

ಫೋನು ಸ್ಪೀಕರಿನಲ್ಲಿತ್ತು. “ಬೇಕಾದರೆ ಎಂತ ಭಾವ?” ಎಂದಳು ಲವೀನಾ.

“ಎಂತ ಇಲ್ಲ,” ಎಂದ ಅವನು.

“ಹಾಗಾದ್ರೆ ಸರಿ.”

ಮಾಂಯ್ ಒಳಗಿನಿಂದ ಕೂಗಿದರು, “ರೋಶನ್, ನೀನು ಸಣ್ಣವನಿದ್ದಾಗ ನನ್ನ ಕಿವಿಯೋಲೆ ಬಾವಿಗೆ ಹಾಕಿದ್ದಿ. ನಿನ್ನನ್ನು ಯಾರಿಗೆ ವಾಪಾಸು ಕೊಡ್ಲಿಕ್ಕಿತ್ತು?”

ಶಶಿಕಲಾ ಮೇಡಂ ಮಾತ್ರ ಈ ಸುದ್ದಿಗಳನ್ನು ಕೇಳಿ ಪ್ರತಿ ಸಲ ಖುಷಿಪಡುತ್ತಿದ್ದರು. ಕಚ್ಚಿದ್ದಕ್ಕೆ ಖುಷಿಯಲ್ಲ, ಕಚ್ಚುವಷ್ಟು ಧೈರ್ಯ ಬಂದದ್ದಕ್ಕೆ. ಕಚ್ಚದೆ ಸಿಟ್ಟು ತೋರಿಸುವುದು ಹೇಗೆಂದು ಅವಳೊಂದಿಗೆ ಕೂತು ಕಲಿಸಿದರು. ಅದು ನಿಧಾನದ ಕೆಲಸ. ಮಳೆಗಾಲ ಹೋಯಿತು, ಇನ್ನೊಂದು ಮೊಂತಿ ಹಬ್ಬ ಹೋಯಿತು. ಗುಣವಾಗುತ್ತಿದೆಯೋ ಇಲ್ಲವೋ ನಮಗೆ ತಿಳಿಯುತ್ತಿರಲಿಲ್ಲ.

ಆಮೇಲೆ, ಆ ಚಳಿಗಾಲದ ಒಂದು ಭಾನುವಾರ ಸಂಜೆ, ಕಾಪುವಿನಲ್ಲಿ, ದೀಪಸ್ತಂಭದ ಬಂಡೆಯಿಂದ ಸ್ವಲ್ಪ ದಕ್ಷಿಣಕ್ಕೆ, ಚರ್ಮುರಿ ಗಾಡಿಯ ಪಕ್ಕದಲ್ಲಿ ನಾನು ನಿಂತಿದ್ದೆ. ಮಾಂಯ್ ಕಲ್ಲಿನ ಬೆಂಚಿನ ಮೇಲಿದ್ದರು, ಜಾನಕಿ ಅಕ್ಕ ಅವರ ಜೊತೆ. ರೇಣುಕಾ ನೀರಿನಂಚಿನಲ್ಲಿ ಮರಳಿನ ಬಾವಿ ತೋಡುತ್ತಿದ್ದಳು. ಕತ್ತಲಾಗುತ್ತ ಬಂತು. ಲವೀನಾ ಹೋಗಿ, ಹೊರಡುವ ಎಂದಳು.

“ಇಲ್ಲ,” ಎಂದಳು ರೇಣುಕಾ.

“ನಾಳೆ ಶಾಲೆ ಉಂಟು ಮಗಾ.”

“ಇಲ್ಲ! ನಾ ಬರಂಗಿಲ್ಲ!”

ಮರಳಿನ ಮೇಲೆ ಅಂಗಾತ ಬಿದ್ದಳು. ಕಾಲು ಬಡಿದಳು. ಲವೀನಾಳ ಸೀರೆಗೆಲ್ಲ ಮರಳು. ಜನ ತಿರುಗಿ ನೋಡಿದರು. ಒಬ್ಬ ಹೆಂಗಸು ನನ್ನ ಕಡೆಗೆ, “ಎಂತ ಹಠದ ಮಗು ಮಾರ್ರೆ! ಎರಡು ಕೊಡಿ, ಸರಿ ಆಗ್ತದೆ,” ಎಂದರು. ಇನ್ನೊಬ್ಬರು ಬಗ್ಗಿ ಕೈ ಚಾಚಿ, “ಬಾ ಪುಟ್ಟಾ, ನನ್ನ ಒಟ್ಟಿಗೆ ಬಾ, ಚಾಕಲೇಟು ಕೊಡ್ತೇನೆ,” ಎಂದರು.

ರೇಣುಕಾ ಅಳು ನಿಲ್ಲಿಸಿ ಆ ಕೈಯನ್ನು ನೋಡಿದಳು.

“ನೀವ್ಯಾರು?” ಎಂದು ಕೇಳಿ, ಮತ್ತೆ ಅಳತೊಡಗಿದಳು.

ಚರ್ಮುರಿಯ ಸುಂದರಣ್ಣನಿಗೆ ನಮ್ಮ ಮೇಲೆ ಕನಿಕರವಾಯಿತು. “ನೀವು ಹೋಗ್ತೇವೆ ಅಂತ ಹೇಳಿ ನಾಲ್ಕು ಹೆಜ್ಜೆ ನಡೀರಿ, ಹಿಂದೆ ಓಡಿ ಬರ್ತದೆ. ಎಲ್ಲ ಮಕ್ಕಳೂ ಹಾಗೇ,” ಎಂದ.

ಅವನು ಹೇಳಿದ್ದು ಅವಳ ಕಿವಿಗೆ ಬಿತ್ತು. ಎಷ್ಟೋ ತಿಂಗಳು ಯಾವ ಮಾತು ಮನೆಯೊಳಗೆ ಬಾರದ ಹಾಗೆ ಕಾದಿದ್ದೆವೋ ಆ ಮಾತನ್ನು ಆಡಿದವನು ಒಬ್ಬ ಒಳ್ಳೆಯ ಮನುಷ್ಯ. ಲವೀನಾ ಮರಳಿನಲ್ಲಿ ಮಂಡಿಯೂರಿ ಅವಳತ್ತ ಕೈ ಚಾಚಿದಳು.

ರೇಣುಕಾ ಅದನ್ನು ತಳ್ಳಿ ಎದ್ದು ಕೂತಳು. ಮೂಗು ಒರೆಸಿಕೊಂಡು, ಕಡಲಿಗೆಲ್ಲ ಕೇಳುವ ಹಾಗೆ ಕೂಗಿದಳು. “ಹೋಗ್ರಿ! ಹೋಗ್ರಿ ಬೇಕಾದ್ರೆ! ನೀವು ಹೋಗುದಿಲ್ಲ. ನಂಗೆ ಗೊತ್ತುಂಟು!”

ಲವೀನಾ ಅಲ್ಲಿಯೇ ಒದ್ದೆ ಮರಳಿನ ಮೇಲೆ ಕುಳಿತುಬಿಟ್ಟಳು. ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ. ರೇಣುಕಾ ನಮಗೆ ಬೆನ್ನು ಹಾಕಿ ಬಾವಿ ತೋಡುವುದನ್ನು ಮುಂದುವರಿಸಿದಳು. ಪೂರ್ತಿ ಕತ್ತಲಾಗುವವರೆಗೆ ನಾವು ಹೋಗಲಿಲ್ಲ.

ಅದನ್ನು ನೋಡಿದವರಲ್ಲಿ ಮಾಂಯ್ ಈಗ ಇಲ್ಲ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ರೇಣುಕಾ ಅವರ ಮಂಚದ ಪಕ್ಕ ಕೂತು, ಯಾರಿಗೂ ಏನೂ ತಂದುಕೊಡದೆ, ಸುಮ್ಮನೆ ಅತ್ತಳು. ಲವೀನಾ ಇದ್ದಾಳೆ. ಜಾನಕಿ ಅಕ್ಕ ಇದ್ದಾರೆ, ಈಗ ಕಣ್ಣು ಸ್ವಲ್ಪ ಮಂಜು. ಸುಂದರಣ್ಣ ಕಾಪುವಿನಲ್ಲೇ ಇದ್ದಾನೆ. ಕೇಳಿದರೆ, ಆ ಮಗುವಾ, ಅಬ್ಬಾ ಎನ್ನುತ್ತಾನೆ. ರೇಣುಕಾ ಇದ್ದಾಳೆ. ತಾನು ಹಾಗೆ ಕೂಗಲೇ ಇಲ್ಲ, ಅದೆಲ್ಲ ಪಪ್ಪ ಕಟ್ಟಿದ ಕತೆ ಎಂದು ವಾದಿಸುತ್ತಾಳೆ. ನಾನು ನೋಡಿದ್ದೇನೆ.